‘ಕಛೇರಿಗೆ ಬನ್ನಿ’ ಎಂದಾಗ ರಾಜೀನಾಮೆ ಕೊಡುವ ಮುನ್ನ

ಲಿಂಕೋಪಿಂಗ್‌ನಿಂದ ಸ್ಟಾಕ್‌ಹೋಮ್ ಸುಮಾರು 200 ಕಿಲೋಮೀಟರ್. ವೇಗದ ರೈಲಿನಲ್ಲಿ ಎರಡು ಗಂಟೆಗೆ ಸ್ವಲ್ಪ ಕಡಿಮೆ. ತಿಂಗಳಿಗೊಮ್ಮೆ ಹೋಗಿಬರುವುದಾದರೆ ಅಡ್ಡಿಯಿಲ್ಲ, ಹೋಗುವಾಗ ಬರುವಾಗ ಒಂದು ಕಾದಂಬರಿ ಓದಿ ಮುಗಿಸಬಹುದು. ವಾರಕ್ಕೆ ಮೂರು ದಿನ ಎಂದರೆ ಮಾತೇ ಬೇರೆ. ಗಂಡನೋ ಹೆಂಡತಿಯೋ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಅಥವಾ ಸಾಬ್ ವಿಮಾನ ಕಾರ್ಖಾನೆಯಲ್ಲಿದ್ದು, ಇನ್ನೊಬ್ಬರು ರಾಜಧಾನಿಯ ಕಂಪನಿಗೆ ಮನೆಯಿಂದಲೇ ದುಡಿಯುವ ಸಂಸಾರಗಳಿಗೆ ಈ ಕಷ್ಟ ಚೆನ್ನಾಗಿ ಗೊತ್ತು.

ಇದೇ ದೇಶದ ಸ್ಪಾಟಿಫೈ 2021ರ ಫೆಬ್ರವರಿಯಲ್ಲಿ ‘ಎಲ್ಲಿಂದಾದರೂ ಕೆಲಸ ಮಾಡಿ’ ಎಂದು ಸಾರಿತ್ತು. ಅಮೆಜಾನ್ 2025ರ ಜನವರಿಯಿಂದ ವಾರದ ಐದೂ ದಿನ ಕಛೇರಿಗೆ ಬನ್ನಿ ಎಂದಿತು. ನಮ್ಮ ಬೆಂಗಳೂರಿನ ಬೈಜೂಸ್‌ಗೆ ಸೇರಿದ್ದ ವೈಟ್‌ಹ್ಯಾಟ್ ಜೂನಿಯರ್ 2022ರಲ್ಲಿ ಮನೆಯಿಂದ ದುಡಿಯುತ್ತಿದ್ದವರನ್ನು ಒಂದು ತಿಂಗಳೊಳಗೆ ಕಛೇರಿಗೆ ಕರೆದಾಗ, ಎಂಟುನೂರಕ್ಕೂ ಹೆಚ್ಚು ಮಂದಿ ರಾಜೀನಾಮೆ ಕೊಟ್ಟರೆಂದು ಆ ಮೇ ತಿಂಗಳಲ್ಲಿ ಪತ್ರಿಕೆಗಳು ಬರೆದವು. ಅವರ ಧೈರ್ಯ ಮೆಚ್ಚುವಂಥದ್ದೇ. ಆದರೆ ಅಲ್ಲಿ ಕೆಲಸ ಬಿಟ್ಟವರು ಊರಿಗೆ ಹೋಗಿ ನಾಲ್ಕು ತಿಂಗಳು ಅಪ್ಪ ಅಮ್ಮನ ಮನೆಯಲ್ಲಿ ಇರಬಹುದು. ಕೆಲಸದ ಪರವಾನಗಿಯ ಮೇಲೆ ಇಲ್ಲಿರುವ ನಮಗೆ ಕೆಲಸದ ಜೊತೆ ಈ ದೇಶದಲ್ಲಿರುವ ಹಕ್ಕೂ ಹೆಣೆದುಕೊಂಡಿದೆ.

ಮೊದಲ ಪ್ರಶ್ನೆ: ಕಂಪನಿ ಹೀಗೆ ಮಾಡಬಹುದೇ? ಬಹುಮಟ್ಟಿಗೆ ಮಾಡಬಹುದು. ಕೆಲಸವನ್ನು ನಡೆಸುವ, ಹಂಚುವ ಅಧಿಕಾರ ಮಾಲೀಕನದು ಎಂಬುದು ಇಲ್ಲಿ 1906ರ ಡಿಸೆಂಬರಿನಲ್ಲಿ ಮಾಲೀಕರ ಒಕ್ಕೂಟಕ್ಕೂ ಕಾರ್ಮಿಕ ಒಕ್ಕೂಟವಾದ ‘ಎಲ್‌ಓ’ಗೂ ಆದ ರಾಜಿಯ ಕಾಲದಿಂದ ನಡೆದುಬಂದಿದೆ. ಮನೆಯಿಂದ ಕೆಲಸ ಎಂಬುದು ಕಂಪನಿಯ ಬರಿಯ ರೂಢಿಯಾಗಿದ್ದರೆ ಅದನ್ನು ಹಿಂತೆಗೆದುಕೊಳ್ಳುವುದು ಸುಲಭ. ನೇಮಕಾತಿ ಪತ್ರದ ‘ಕೆಲಸದ ಸ್ಥಳ’ ಎಂಬ ಸಾಲಿನಲ್ಲಿ ಲಿಂಕೋಪಿಂಗ್ ಎಂದಿದ್ದರೆ ನಿಮ್ಮ ವಾದಕ್ಕೆ ನಿಲ್ಲಲು ನೆಲ ಸಿಗುತ್ತದೆ. ಆ ಪತ್ರವನ್ನು ಸಹಿ ಹಾಕಿದ ದಿನದ ನಂತರ ಮತ್ತೆ ತೆಗೆದು ನೋಡಿದವರು ನಮ್ಮಲ್ಲಿ ಎಷ್ಟು ಮಂದಿಯೋ!

1978ರಲ್ಲಿ ಇಲ್ಲಿನ ಕಾರ್ಮಿಕ ನ್ಯಾಯಾಲಯದ ಮುಂದೆ ಒಂದು ಸ್ವಾರಸ್ಯದ ಮೊಕದ್ದಮೆ ಬಂತು. ಕೆಲಸದ ವೇಳೆಯಲ್ಲಿ ಸೌನಾ ಸ್ನಾನ ಮಾಡಿದರೆಂಬ ತಕರಾರಿನಿಂದ ಬೇರೆ ಕೆಲಸಕ್ಕೆ ವರ್ಗವಾದವರ ಪ್ರಕರಣ. ನೌಕರನ ವೈಯಕ್ತಿಕ ಕಾರಣಕ್ಕಾಗಿ ಮಾಡುವ, ಅವನ ಬಾಳನ್ನೇ ಅಲ್ಲಾಡಿಸುವಂಥ ವರ್ಗಾವಣೆಗೆ ಒಪ್ಪತಕ್ಕ ಕಾರಣ ಇರಬೇಕೆಂಬ ತತ್ವ ಅಲ್ಲಿಂದ ಬಂತು. ಇಂದಿಗೂ ಅದರ ಹೆಸರು ‘ಸೌನಾ ಸ್ನಾನಿಗರ ತತ್ವ’! ಆದರೆ ಎಲ್ಲರನ್ನೂ ಒಟ್ಟಿಗೆ ಕಛೇರಿಗೆ ಕರೆದಾಗ ಇದರಿಂದ ಹೆಚ್ಚು ಉಪಯೋಗವಾಗದು. ಅಲ್ಲಿ ನೆರವಾಗುವುದು 1976ರ ಸಹನಿರ್ಧಾರ ಕಾಯಿದೆ. ಸಾಮೂಹಿಕ ಒಪ್ಪಂದವಿರುವ ಕಂಪನಿ ಮುಖ್ಯವಾದ ಬದಲಾವಣೆಗೆ ಮುನ್ನ ಸಂಘದ ಜೊತೆ ಮಾತುಕತೆ ನಡೆಸಲೇಬೇಕು. ‘ಯೂನಿಯೊನೆನ್’ ಅಥವಾ ಎಂಜಿನಿಯರುಗಳ ಸಂಘಕ್ಕೆ ತಿಂಗಳ ಚಂದಾ ದಂಡ ಎನ್ನುವವರು ಇದನ್ನು ಗಮನಿಸಬೇಕು.

ಇಷ್ಟಾದರೂ ಬಿಡುವುದೇ ಸರಿ ಎನಿಸಿದರೆ ಕಾಲದ ಲೆಕ್ಕ ಹಾಕಿಕೊಳ್ಳಿ. ‘ಲಾಸ್’ ಎಂಬ ಉದ್ಯೋಗ ರಕ್ಷಣೆ ಕಾಯಿದೆಯ ಪ್ರಕಾರ ನೌಕರ ಕನಿಷ್ಠ ಒಂದು ತಿಂಗಳ ನೋಟೀಸು ಕೊಡಬೇಕು, ಒಪ್ಪಂದದಲ್ಲಿ ಹೆಚ್ಚಿರಬಹುದು. ಆ ಅವಧಿಯಲ್ಲಿ ನೀವು ಇನ್ನೂ ನೌಕರರೇ. ಕೆಲಸ ಮುಗಿದ ಮೇಲೆ ಹೊಸದನ್ನು ಹುಡುಕಲು ಪರವಾನಗಿಯವರಿಗೆ ಸ್ವೀಡನ್ ಬಹುಕಾಲದಿಂದ ಕೊಟ್ಟದ್ದು ಮೂರು ತಿಂಗಳು. ಎರಡು ವರ್ಷಕ್ಕಿಂತ ಹೆಚ್ಚು ಪರವಾನಗಿ ಹೊಂದಿದ್ದವರಿಗೆ ಆರು ತಿಂಗಳು ಕೊಡಬೇಕೆಂದು 2024ರ ಯೂರೋಪ್ ಒಕ್ಕೂಟದ ನಿರ್ದೇಶನ ಹೇಳುತ್ತದೆ. ದೇಶಗಳು ಅದನ್ನು ತಮ್ಮ ಕಾನೂನಿಗೆ ಸೇರಿಸಿಕೊಳ್ಳಲು ಇಟ್ಟ ಗಡುವು 2026ರ ಮೇ 21. ನಿಮ್ಮ ಪರವಾನಗಿಗೆ ಯಾವುದು ಅನ್ವಯವೆಂದು ವಲಸೆ ಇಲಾಖೆಯನ್ನೇ ಕೇಳಿ, ಉತ್ತರ ಬರಹದಲ್ಲಿರಲಿ.

ಓಡಾಟ ತಗ್ಗಿಸಲು ಅರ್ಧ ಹೊತ್ತಿನ ಕೆಲಸಕ್ಕೆ ಇಳಿಯೋಣ ಎಂಬ ಉಪಾಯವೂ ಅಪಾಯದ್ದೇ. 2023ರ ನವೆಂಬರಿನಿಂದ ಪರವಾನಗಿಗೆ ಬೇಕಾದ ಕನಿಷ್ಠ ಸಂಬಳವನ್ನು ದೇಶದ ಮಧ್ಯಮ ಸಂಬಳಕ್ಕೆ ಕಟ್ಟಿದ್ದಾರೆ, ಆಗ ಅದು ಶೇಕಡಾ 80. ಸಂಬಳ ಆ ಗೆರೆಯ ಕೆಳಗಿಳಿದರೆ ಪರವಾನಗಿ ನವೀಕರಣದ ವೇಳೆ ಪೇಚಾಟ.

ಹಣದ ಮಾತು. ನಿರುದ್ಯೋಗ ವಿಮೆಯ ‘ಆ-ಕಸ್ಸಾ’ ತಾನಾಗಿ ಕೆಲಸ ಬಿಟ್ಟವರಿಗೆ, ಒಪ್ಪತಕ್ಕ ಕಾರಣವಿಲ್ಲದಿದ್ದರೆ, 45 ದಿನದ ಭತ್ಯೆ ತಡೆಹಿಡಿಯುತ್ತದೆ. ವಾರಕ್ಕೆ ಐದು ದಿನದ ಲೆಕ್ಕವಾದ್ದರಿಂದ ಅದು ಒಂಬತ್ತು ವಾರವಾಯಿತು. ರೈಲು ದೂರ, ಬಾಸು ಮೊಂಡ ಎಂದರೆ ಸಾಲದು. ಆರೋಗ್ಯದ ಕಾರಣವಿದ್ದರೆ ವೈದ್ಯರ ಪತ್ರವನ್ನು ರಾಜೀನಾಮೆಗೆ ಮೊದಲೇ ಪಡೆದಿರಬೇಕು.

ಇನ್ನೊಂದು ವಿಷಯ. ಮೀಟಿಂಗಿನಲ್ಲಿ ಮಾತಿಗೆ ಮಾತು ಬೆಳೆದು, ಸಿಟ್ಟಿನಲ್ಲಿ ‘ಹಾಗಾದರೆ ನಾನು ಬಿಟ್ಟೆ’ ಎಂದು ಬಾಯಲ್ಲಿ ಹೇಳಿದರೂ ಇಲ್ಲಿ ಅದು ರಾಜೀನಾಮೆಯೇ. ಮರುದಿನ ಕಂಪನಿ ಒಪ್ಪಿದರೆ ಮಾತ್ರ ಅದನ್ನು ಹಿಂಪಡೆಯಬಹುದು.