ಉಪಕೇಂದ್ರದ ಪರದೆಗೆ ಬಂದ ಡಾಕ್ಟರು

ತುಮಕೂರು ಜಿಲ್ಲೆಯ ಉತ್ತರದ ತಾಲ್ಲೂಕುಗಳಲ್ಲಿ ಕಾಯಿಲೆ ಬಿದ್ದವರು ಮೊದಲು ಲೆಕ್ಕ ಹಾಕುವುದು ದಾರಿಯನ್ನು. ಬುಕ್ಕಾಪಟ್ಟಣ ಹೋಬಳಿಯ ಕುರುಚಲು ಕಾಡಿನಂಚಿನ ಹಳ್ಳಿಗಳವರಿಗೆ ತಾಲ್ಲೂಕು ಆಸ್ಪತ್ರೆ ಎಂದರೆ ಶಿರಾ. ಅಲ್ಲಿ ಆಗದಿದ್ದರೆ ಇನ್ನೂ ಐವತ್ತು ಕಿಲೋಮೀಟರ್ ಆಚೆಯ ತುಮಕೂರು. ಬಹುಪಾಲು ಆಂಧ್ರದ ನೆಲವೇ ಸುತ್ತುವರಿದಿರುವ ಪಾವಗಡದವರಿಗಂತೂ ಜಿಲ್ಲಾ ಕೇಂದ್ರ ನೂರು ಕಿಲೋಮೀಟರ್ ದೂರ. ಬಸ್ಸಿಗೆ ಕಾದು, ಚೀಟಿ ಮಾಡಿಸಿ, ಸರತಿಯಲ್ಲಿ ನಿಂತು ಡಾಕ್ಟರ ಎದುರು ಕೂರುವುದು ಐದು ನಿಮಿಷ. ಅದಕ್ಕೆ ಒಂದು ದಿನದ ಕೂಲಿ ಹೋಗುತ್ತದೆ. ವಯಸ್ಸಾದವರಾದರೆ ಜೊತೆಗೆ ಬಂದ ಮಗನದೋ ಸೊಸೆಯದೋ ಕೂಲಿಯೂ ಹೋಗುತ್ತದೆ.

ಜ್ವರವೋ ಗಾಯವೋ ಆದರೆ ಜನ ಹೇಗಾದರೂ ಹೊರಡುತ್ತಾರೆ. ಬಿಪಿ, ಶುಗರ್ ಹಾಗಲ್ಲ. ನೋವಿಲ್ಲ, ಕೆಲಸ ನಿಲ್ಲುವುದಿಲ್ಲ. ಮಾತ್ರೆ ಮುಗಿದ ಮೇಲೆ ‘ಚೆನ್ನಾಗೇ ಇದ್ದೀನಲ್ಲ’ ಎನ್ನಿಸುತ್ತದೆ. ಕಡಲೆಕಾಯಿ ಕೀಳುವ ದಿನಗಳಲ್ಲಿ ಆಸ್ಪತ್ರೆಯ ದಾರಿ ಇನ್ನಷ್ಟು ದೂರವಾಗುತ್ತದೆ. ಲಕ್ವ ಹೊಡೆಯುವುದು, ಕಿಡ್ನಿ ಕೆಡುವುದು ಹೆಚ್ಚಾಗಿ ಹೀಗೆ ಕಡಿದ ಚಿಕಿತ್ಸೆಯ ಸರಪಳಿಯ ಕೊನೆಯಲ್ಲೇ. ದೂರದಿಂದಲೇ ವೈದ್ಯರನ್ನು ಕಾಣುವ ವ್ಯವಸ್ಥೆ ಹಳ್ಳಿಗೆ ಏಕೆ ಬೇಕು ಎಂಬುದಕ್ಕೆ ಉತ್ತರ ಇಲ್ಲಿದೆ.

ಈ ಯೋಚನೆ ಹೊಸದಲ್ಲ. ಹಾಲೆಂಡಿನ ಲೈಡನ್ ನಗರದಲ್ಲಿ ಶರೀರವಿಜ್ಞಾನಿ ವಿಲೆಮ್ ಐಂಟೋವನ್ 1905ರಲ್ಲೇ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಮಿಡಿತವನ್ನು ದೂರವಾಣಿ ತಂತಿಯ ಮೂಲಕ ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯದಲ್ಲಿ ದಾಖಲಿಸಿಕೊಂಡರು. ಕರ್ನಾಟಕಕ್ಕೂ ಅದು ಹೃದಯದ ದಾರಿಯಲ್ಲೇ ಬಂತು. 2002ರಲ್ಲಿ ಇಸ್ರೋ ತನ್ನ ಉಪಗ್ರಹ ಸಂಪರ್ಕದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಕಾಡಂಚಿನ ರೋಗಿಯ ಇಸಿಜಿಯನ್ನು ಬೆಂಗಳೂರಿನ ಹೃದ್ರೋಗ ತಜ್ಞರು ನೋಡುವಂತಾಯಿತು. ಆದರೆ ಅದಕ್ಕೆ ಡಿಶ್ ಆಂಟೆನಾ, ಪ್ರತ್ಯೇಕ ಕೋಣೆ, ತರಬೇತಿ ಪಡೆದ ಸಿಬ್ಬಂದಿ ಬೇಕಿತ್ತು. ಅದು ದೊಡ್ಡ ಕಾಯಿಲೆಗೆ ಸಿಕ್ಕ ಸೌಲಭ್ಯ. ತಿಂಗಳ ಮಾತ್ರೆಗಾಗಿ ಬರುವವರಿಗಲ್ಲ.

2013ರಲ್ಲಿ ಹುಬ್ಬಳ್ಳಿಯಿಂದ 104 ಆರೋಗ್ಯವಾಣಿ ಶುರುವಾದಾಗ ಸಲಹೆ ಸಾಮಾನ್ಯ ಫೋನಿಗೂ ಬಂತು. ಆದರೂ ಫೋನಿನಲ್ಲಿ ಡಾಕ್ಟರು ಎಷ್ಟರಮಟ್ಟಿಗೆ ಔಷಧ ಬರೆಯಬಹುದು ಎಂಬುದಕ್ಕೆ ದೇಶದಲ್ಲಿ ಸ್ಪಷ್ಟ ನಿಯಮವಿರಲಿಲ್ಲ. ಕೋವಿಡ್ ಲಾಕ್‌ಡೌನ್ ಶುರುವಾದ 2020ರ ಮಾರ್ಚ್ 25ರಂದೇ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂತು. ಬಿಪಿ, ಸಕ್ಕರೆ ಕಾಯಿಲೆ, ಅಸ್ತಮಾದಂಥ ದೀರ್ಘ ಕಾಯಿಲೆಗಳಿಗೆ ಮೊದಲೇ ನಡೆಯುತ್ತಿರುವ ಔಷಧವನ್ನು ಮುಂದುವರಿಸಿ ಬರೆಯಲು ಅದು ದಾರಿ ಮಾಡಿತು. ಅಮಲು ತರುವ, ಚಟ ಹಿಡಿಸುವ ಔಷಧಗಳನ್ನು ದೂರದಿಂದ ಬರೆಯಕೂಡದೆಂದು ತಡೆಯನ್ನೂ ಹಾಕಿತು.

ಇದಕ್ಕೂ ಮುಂಚೆ, 2019ರ ನವೆಂಬರಿನಲ್ಲೇ, ಮೊಹಾಲಿಯ ಸಿ-ಡಾಕ್ ಸಂಸ್ಥೆ ಸಿದ್ಧಪಡಿಸಿದ ಇ-ಸಂಜೀವಿನಿ ಎಂಬ ಟೆಲಿಮೆಡಿಸಿನ್ ಸೇವೆ ಆರೋಗ್ಯ ಕ್ಷೇಮ ಕೇಂದ್ರಗಳಿಗಾಗಿ ಆರಂಭವಾಗಿತ್ತು. 2020ರ ಏಪ್ರಿಲ್‌ನಲ್ಲಿ ಮನೆಯಿಂದಲೇ ವೈದ್ಯರನ್ನು ಕಾಣುವ ಹೊರರೋಗಿ ಸೇವೆ ಅದಕ್ಕೆ ಸೇರಿತು. 2023ರ ಫೆಬ್ರುವರಿ ಹೊತ್ತಿಗೆ ದೇಶದಲ್ಲಿ ಇದರ ಮೂಲಕ ನಡೆದ ಸಮಾಲೋಚನೆಗಳು 10 ಕೋಟಿ ದಾಟಿದವು. ಮುಂಚೂಣಿಯ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು.

ನಿಜವಾದ ಬದಲಾವಣೆ ಇದು: ಸ್ಮಾರ್ಟ್‌ಫೋನ್ ಇಲ್ಲದವರೂ, ಓದು ಬಾರದವರೂ ಈ ಸೇವೆ ಪಡೆಯಬಹುದು. ಸುಮಾರು 5,000 ಜನಸಂಖ್ಯೆಗೆ ಒಂದರಂತೆ ಇರಬೇಕಾದ ಆರೋಗ್ಯ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯಾಧಿಕಾರಿ ಕೂತಿರುತ್ತಾರೆ. ಅವರು ಬಿಪಿ ನೋಡುತ್ತಾರೆ, ಬೆರಳು ಚುಚ್ಚಿ ಶುಗರ್ ಪರೀಕ್ಷಿಸುತ್ತಾರೆ, ಹಳೆಯ ಚೀಟಿ ಓದುತ್ತಾರೆ, ಆಮೇಲೆ ಪರದೆಯಲ್ಲಿ ಡಾಕ್ಟರನ್ನು ಕರೆಯುತ್ತಾರೆ. ರೋಗಿ ತನ್ನ ಕಷ್ಟವನ್ನು ತನ್ನ ಮಾತಿನಲ್ಲೇ ಹೇಳುತ್ತಾನೆ. ಬಿಟ್ಟುಹೋದದ್ದನ್ನು ಆ ಊರು ಬಲ್ಲ ಅಧಿಕಾರಿ ಸೇರಿಸುತ್ತಾರೆ. ದಾಸ್ತಾನಿದ್ದರೆ ಮಾತ್ರೆ ಅಲ್ಲೇ ಸಿಗುತ್ತದೆ. ಸಂಜೆಯೊಳಗೆ ಹೊಲದ ಕೆಲಸವೂ ಆಗುತ್ತದೆ.

ಲಾಭ ಉಳಿದ ಬಸ್ ಚಾರ್ಜಿನಷ್ಟೇ ಅಲ್ಲ. ಚಿಕಿತ್ಸೆ ತಪ್ಪುವುದಿಲ್ಲ ಎಂಬುದೇ ದೊಡ್ಡದು. ಮಂಡಿನೋವಿನ ಅಜ್ಜಿಯನ್ನು ಬಸ್ಸು ಹತ್ತಿಸಬೇಕಿಲ್ಲ. ಯಾರು ಶಿರಾ ಅಥವಾ ತುಮಕೂರಿಗೆ ಹೋಗಲೇಬೇಕು, ಯಾರು ಹೋಗಬೇಕಿಲ್ಲ ಎಂಬುದು ಊರಲ್ಲೇ ತಿಳಿಯುವುದರಿಂದ ದೊಡ್ಡ ಆಸ್ಪತ್ರೆಯ ಸರತಿಯೂ ಇಳಿಯುತ್ತದೆ. ಮನಸ್ಸಿನ ಕಾಯಿಲೆಗೆ ಡಾಕ್ಟರ ಬಾಗಿಲಲ್ಲಿ ನಿಲ್ಲಲು ಹಿಂಜರಿಯುವವರಿಗೆ 2022ರ ಅಕ್ಟೋಬರ್ 10ರಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಾಲನೆಗೊಂಡ ಟೆಲಿ ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಪರದೆಗೆ ಮಿತಿಯೂ ಇದೆ. ಹೊಟ್ಟೆಯನ್ನು ಕೈಯಿಟ್ಟು ಒತ್ತಿ ನೋಡಲು, ಎದೆಗೆ ಸ್ಟೆತಾಸ್ಕೋಪ್ ಇಡಲು ಅದರಿಂದಾಗದು. ಎದೆನೋವು, ಹಾವು ಕಡಿತ, ಹೆರಿಗೆ ನೋವು, ಮಗುವಿನ ಉಸಿರಾಟದ ತೊಂದರೆ ಕಂಡರೆ ಪರದೆಯ ಮುಂದೆ ಕಾಯದೆ 108ಕ್ಕೆ ಕರೆ ಮಾಡಬೇಕು. ಟೆಲಿ ವೈದ್ಯಸೇವೆಯ ನೆಪದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ ಹುದ್ದೆಯನ್ನು ಖಾಲಿ ಬಿಡುವುದನ್ನು ಒಪ್ಪಲಾಗದು. ಈ ಕಡೆ ಪರೀಕ್ಷೆ ಮಾಡುವ ಕೈ, ಕೊಡಲು ಮಾತ್ರೆ, ಕಡಿಯದ ನೆಟ್‌ವರ್ಕ್ ಇದ್ದರಷ್ಟೇ ಆ ಕಡೆಯ ಡಾಕ್ಟರ ಮಾತಿಗೆ ಬೆಲೆ.

ಆದ್ದರಿಂದ ಗ್ರಾಮಸಭೆಯಲ್ಲಿ ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಿ: ನಮ್ಮ ಉಪಕೇಂದ್ರದಲ್ಲಿ ಆರೋಗ್ಯಾಧಿಕಾರಿ ಇದ್ದಾರೆಯೇ, ಬಿಪಿ, ಶುಗರ್ ಮಾತ್ರೆ ದಾಸ್ತಾನಿದೆಯೇ, ಇ-ಸಂಜೀವಿನಿ ಯಾವ ಹೊತ್ತಿಗೆ ಸಿಗುತ್ತದೆ? ಮನೆಯ ಹಿರಿಯರ ಹಳೆಯ ಚೀಟಿಗಳನ್ನೂ ಪರೀಕ್ಷೆಯ ವರದಿಗಳನ್ನೂ ಒಂದೇ ಕಡೆ ಇಟ್ಟುಕೊಳ್ಳಿ, ಮಾತ್ರೆ ಮುಗಿಯುವ ಮೊದಲೇ ಅವರನ್ನು ಉಪಕೇಂದ್ರಕ್ಕೆ ಕರೆದೊಯ್ಯಿರಿ.