ತೊರೆಯ ಪಾಲಿಗೆ 75 ಅಡಿ
ಅಟ್ಲಾಂಟಾದ ಉತ್ತರಕ್ಕಿರುವ ಜಾನ್ಸ್ ಕ್ರೀಕ್‌ನಲ್ಲಿ ನಾವು ಮನೆ ಕೊಂಡಾಗ ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸಿದ್ದು ಮನೆಯನ್ನಲ್ಲ, ಹಿತ್ತಲಿನ ತೊರೆಯನ್ನು. ಬೆಂಗಳೂರಿನಿಂದ ಬಂದ ಅಮ್ಮ ಬೆಳಗಿನ ಕಾಫಿ ಲೋಟ ಹಿಡಿದು ಅಲ್ಲೇ ಕೂರುತ್ತಿದ್ದರು. ಅವರಿಗಾಗಿ ತೊರೆಯ ಕಡೆಗೆ ಹನ್ನೆರಡು ಅಡಿಯ ಕಾಂಕ್ರೀಟ್ ಜಗಲಿ ಕಟ್ಟಿಸೋಣ ಎಂದು ಹೊರಟೆವು. ಸರ್ವೆಯವರು ಬಂದು ಗುಲಾಬಿ ರಿಬ್ಬನ್ ಕಟ್ಟಿದ ಗೂಟ ನೆಟ್ಟು ಹೋದರು. ಗೂಟದ ಸಾಲು ನಮ್ಮ ಜಗಲಿಯ ನಟ್ಟನಡುವೆ ಹಾದುಹೋಗಿತ್ತು!

ದುಡ್ಡು ಕೊಟ್ಟ ಜಾಗ, ತೆರಿಗೆ ಕಟ್ಟುವವರು ನಾವು, ಬೇಡವೆನ್ನಲು ಇವರ್ಯಾರು ಎಂದು ಸಿಟ್ಟೇ ಬಂತು.

ಜಾರ್ಜಿಯಾ ರಾಜ್ಯದ ಕಾನೂನಿನಂತೆ ತೊರೆಯ ಎರಡೂ ದಡದಲ್ಲಿ 25 ಅಡಿ, ಟ್ರೌಟ್ ಮೀನಿನ ತೊರೆಯಾದರೆ 50 ಅಡಿ, ಗಿಡಮರ ಮುಟ್ಟುವಂತಿಲ್ಲ. ಅಟ್ಲಾಂಟಾ ಸುತ್ತಲಿನ ಊರುಗಳಿಗೆಂದು ಪ್ರಾದೇಶಿಕ ನೀರು ಯೋಜನಾ ಸಂಸ್ಥೆ ರೂಪಿಸಿದ ಮಾದರಿ ನಿಯಮ ಇನ್ನೂ ಬಿಗಿ. 50 ಅಡಿ ಹಸಿರು ಪಟ್ಟಿ, ಅದರಾಚೆಯ 25 ಅಡಿಯಲ್ಲಿ ನೀರು ಇಂಗಲು ಬಿಡದ ಯಾವ ನೆಲಹಾಸೂ ಕೂಡದು. ನಮ್ಮ ಊರಿನ ತೊರೆಗಳು ಸೇರುವುದು ಚಟ್ಟಹೂಚಿ ನದಿಗೆ. ಅಟ್ಲಾಂಟಾ ಕುಡಿಯುವುದು ಆ ನೀರನ್ನೇ. ನದಿಗೆ 1973ರಿಂದಲೇ ಪ್ರತ್ಯೇಕ ಕಾಯ್ದೆಯ ರಕ್ಷಣೆ ಇದೆ.

ನಮ್ಮನ್ನು ಬೆರಗುಗೊಳಿಸಿದ್ದು ಅಳೆಯುವ ರೀತಿ. ನೀರಿನ ಅಂಚಿನಿಂದಲ್ಲ, ತೊರೆಯ ಮಧ್ಯದಿಂದಲೂ ಅಲ್ಲ. ಹರಿವು ಗಿಡಗಂಟಿಯನ್ನು ಕಿತ್ತು ಬರಿ ಮಣ್ಣು ಬಿಟ್ಟ ಜಾಗದಿಂದ. ಅಂದರೆ ದಡ ಕುಸಿದಷ್ಟೂ ಗೆರೆ ಮನೆಯತ್ತ ಸರಿಯುತ್ತದೆ. ಹಿಂದಿನ ಮಾಲೀಕರು ಲಾನನ್ನು ದಡದಂಚಿನವರೆಗೂ ಬೆಳೆಸಿದ್ದರು. ನಾವೂ ಪ್ರತಿ ಶನಿವಾರ ಅದನ್ನು ಒಪ್ಪವಾಗಿ ಕತ್ತರಿಸುತ್ತಿದ್ದೆವು. ಹಿಡಿದಿಡಲು ಮರದ ಬೇರಿಲ್ಲದ ದಡ, ಜೋರು ಮಳೆ ಬಂದಾಗಲೆಲ್ಲ ಒಂದು ತುಂಡು ತೊರೆಗೆ ಬೀಳುತ್ತಿತ್ತು. ಮಾರನೇ ದಿನ ನೀರು ಥೇಟ್ ಕೋಲಾರದ ಕೆಮ್ಮಣ್ಣಿನ ಬಣ್ಣ. ಮನೆ ಕೊಂಡಾಗಿನ ನಕ್ಷೆ ತೆಗೆದು ನೋಡಿದೆವು. ಗೆರೆ ಆರು ಅಡಿ ಒಳಗೆ ಬಂದಿತ್ತು. ಆ ಆರಡಿ ಉಳಿದಿದ್ದರೆ ಜಗಲಿ ನಿಲ್ಲುತ್ತಿತ್ತು.

ಅಮ್ಮನಿಗೆ ಇದೆಲ್ಲ ಹೊಸದಲ್ಲ. ಬೆಂಗಳೂರಿನಲ್ಲಿ ಅಪ್ಪ ಬಿಟ್ಟುಹೋದ ಸೈಟಿನ ಪಕ್ಕದಲ್ಲೇ ಎರಡನೇ ಹಂತದ ರಾಜಕಾಲುವೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಅಂಥ ಕಾಲುವೆಗೆ 35 ಮೀಟರ್ ಬಿಡಬೇಕು ಎಂದಾಗ ಸೈಟು ಹೋಯಿತೆಂದೇ ಅಮ್ಮ ಕಣ್ಣೀರು ಹಾಕಿದ್ದರು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಮಹಾಯೋಜನೆಯ 25 ಮೀಟರ್ ಉಳಿಯಿತು, ಸೈಟೂ ಉಳಿಯಿತು. ಆ ದಿನ ಫೋನಿನಲ್ಲಿ ನಾವೆಲ್ಲ ಕುಣಿದದ್ದು ನಿಜ; ಈಗ ನೆನೆದರೆ ಸ್ವಲ್ಪ ಮುಜುಗರ. ಅಲ್ಲಿನ ಕಾಲುವೆಗೆ ಎರಡೂ ಕಡೆ ಕಾಂಕ್ರೀಟ್ ಗೋಡೆ. ಬಿಟ್ಟ ಜಾಗದಲ್ಲಿ ಕಟ್ಟಡದ ಕಸದ ರಾಶಿಯೇ ಹೊರತು ಒಂದು ಹುಲ್ಲುಕಡ್ಡಿ ಇಲ್ಲ. ಮಳೆಗಾಲದಲ್ಲಿ ಸೈಟಿನಲ್ಲಿ ಮೊಣಕಾಲುದ್ದ ನೀರು.

ಜಾರ್ಜಿಯಾದ ಹಿತ್ತಲಲ್ಲಿ ಈಗ ದಡದತ್ತ ಹುಲ್ಲು ಕತ್ತರಿಸುವುದನ್ನು ಬಿಟ್ಟಿದ್ದೇವೆ. ಬಡಾವಣೆಯ ಸಂಘದಿಂದ ‘ಅಂಗಳ ಕಾಡಾಗಿದೆ’ ಎಂದು ಪತ್ರವೂ ಬಂತು. ಸರ್ವೆ ನಕ್ಷೆಯ ಪ್ರತಿ ಕಳುಹಿಸಿದ ಮೇಲೆ ಸುಮ್ಮನಾದರು. ನವೆಂಬರ್‌ನಲ್ಲಿ ಐದು ರಿವರ್ ಬರ್ಚ್ ಸಸಿ ನೆಟ್ಟೆವು, ಗುಂಡಿ ತೋಡಿದ್ದು ಕೈಯಿಂದಲೇ. ಅಮ್ಮನ ಕುರ್ಚಿ ಅಡುಗೆಮನೆಯ ಬಾಗಿಲ ಬಳಿಗೆ ಬಂದಿದೆ. ಅಲ್ಲಿಂದ ತೊರೆ ಕಾಣುವುದಿಲ್ಲವೆಂದು ಅವರ ತಕರಾರು ಇನ್ನೂ ಮುಗಿದಿಲ್ಲ.