ಚಂದ್ರನ ಮೇಲಿನ ಮೂಲೆಗನ್ನಡಿ

‘ಟೇಪು ಹಿಡಿಯಲಾಗದ ಚಂದ್ರನ ದೂರವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಹೇಗೆ ಹೇಳುತ್ತಾರೆ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಗಡಿಯಾರದಿಂದ! ಲೇಸರ್ ಮಿಡಿತವೊಂದನ್ನು ಕಳಿಸಿ, ಅದು ಮರಳಲು ಹಿಡಿದ ಹೊತ್ತನ್ನು ಬೆಳಕಿನ ವೇಗದಿಂದ ಗುಣಿಸಿ, ಅರ್ಧ ಮಾಡಿದರಾಯಿತು. ಚಂದ್ರನಿಗೆ ಹೋಗಿ ಬರಲು ಸುಮಾರು ಎರಡೂವರೆ ಸೆಕೆಂಡು ಬೇಕು. ಗಡಿಯಾರ ಒಂದು ನ್ಯಾನೊಸೆಕೆಂಡ್ ತಪ್ಪಿದರೂ ದೂರ 15 ಸೆಂ.ಮೀ. ತಪ್ಪುತ್ತದೆ.

ಆದರೆ ಬೆಳಕು ಬಂದ ದಿಕ್ಕಿಗೇ ಮರಳಬೇಕಲ್ಲ? ಸಾದಾ ಕನ್ನಡಿ ಕೂದಲೆಳೆಯಷ್ಟು ವಾಲಿದರೂ ಬೆಳಕು ಎತ್ತಲೋ ಹೋದೀತು. ಇದಕ್ಕೆ ಪರಿಹಾರ ಕ್ಯಾರಂ ಬೋರ್ಡಿನಲ್ಲಿದೆ. ಮೂಲೆಯ ಹತ್ತಿರ ಸ್ಟ್ರೈಕರ್ ಒಂದು ಅಂಚಿಗೆ ಬಡಿದು, ಒಡನೆ ಪಕ್ಕದ ಅಂಚಿಗೂ ಬಡಿದರೆ, ಯಾವ ಕೋನದಲ್ಲಿ ಹೊಡೆದಿದ್ದರೂ ಅದು ಬಂದ ದಾರಿಗೆ ಸಮಾನಾಂತರವಾಗಿ ಹಿಂದಿರುಗುತ್ತದೆ. ಒಂದು ಅಂಚು ಎಡ-ಬಲದ ಚಲನೆಯನ್ನು ತಿರುಗಿಸಿದರೆ, ಇನ್ನೊಂದು ಹಿಂದು-ಮುಂದಿನದನ್ನು ತಿರುಗಿಸುತ್ತದೆ. ಬೋರ್ಡನ್ನೂ ಮೂರನೆಯ ಗೋಡೆಯೆಂದುಕೊಳ್ಳಿ, ಮೇಲೆ-ಕೆಳಗಿನ ಚಲನೆಯೂ ತಿರುಗುತ್ತದೆ. ಪರಸ್ಪರ ಲಂಬವಾಗಿರುವ ಮೂರು ಮುಖಗಳ ಗಾಜಿನ ಪಟ್ಟಕ ಬೆಳಕಿಗೆ ಮಾಡುವುದು ಇದನ್ನೇ.

1969ರ ಜುಲೈನಲ್ಲಿ ಅಪೋಲೊ 11ರ ಯಾತ್ರಿಗಳು ಇಂಥ 100 ಪಟ್ಟಕಗಳ ಫಲಕವನ್ನು ಚಂದ್ರನ ಮೇಲಿಟ್ಟರು. ಆಗಸ್ಟ್ 1ರಂದು ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯಕ್ಕೆ ಅದರಿಂದ ಮೊದಲ ಮಾರ್ದನಿ ಬಂತು. ಚಂದ್ರ ನಮ್ಮಿಂದ ವರ್ಷಕ್ಕೆ 3.8 ಸೆಂ.ಮೀ. ದೂರ ಸರಿಯುತ್ತಿದ್ದಾನೆಂದು ನಿಖರವಾಗಿ ತಿಳಿದದ್ದು ಇಂಥ ಅಳತೆಗಳಿಂದಲೇ. ಸೋವಿಯತ್ ಒಕ್ಕೂಟದ ಲೂನೊಖೋದ್ 1 ಬಂಡಿಯ ಪ್ರತಿಫಲಕವಂತೂ ನಾಲ್ಕು ದಶಕಗಳ ಹತ್ತಿರ ಕೈಗೆ ಸಿಕ್ಕಿರಲಿಲ್ಲ. 2010ರಲ್ಲಿ ಬಂಡಿ ನಿಂತ ಜಾಗ ಪತ್ತೆಯಾಗಿ ಲೇಸರ್ ಬಿಟ್ಟಾಗ ಭರ್ಜರಿ ಉತ್ತರವೇ ಬಂತು!

ನಮ್ಮ ವಿಕ್ರಮ್ ಲ್ಯಾಂಡರ್ ಕೂಡ ನಾಸಾದ ಇಂಥದೊಂದು ಸಾಧನವನ್ನು ಹೊತ್ತೊಯ್ದಿತ್ತು. ಅಗಲ ಬರೀ 5 ಸೆಂ.ಮೀ., ಗುಮ್ಮಟದಂಥ ಚೌಕಟ್ಟಿನಲ್ಲಿ ಎಂಟು ಪಟ್ಟಕಗಳು. ಭೂಮಿಯಿಂದ ಬಿಡುವ ಲೇಸರಿಗೆ ಇದು ತೀರಾ ಚಿಕ್ಕದು; ಚಂದ್ರನನ್ನು ಸುತ್ತುವ ನೌಕೆಗಳಿಗೆಂದೇ ಮಾಡಿದ್ದು. ವಿಕ್ರಮ್ 2023ರ ಸೆಪ್ಟೆಂಬರ್‌ನಲ್ಲೇ ನಿದ್ದೆಗೆ ಜಾರಿ ಮತ್ತೆ ಏಳಲಿಲ್ಲ. ಆದರೂ ಡಿಸೆಂಬರ್ 12ರಂದು 100 ಕಿ.ಮೀ. ದೂರದಿಂದ ನಾಸಾದ ಎಲ್‌ಆರ್‌ಒ ನೌಕೆ ಬಿಟ್ಟ ಲೇಸರ್ ಮಿಡಿತ ಅಲ್ಲಿಂದ ಮರಳಿ ಬಂತು.

ಬ್ಯಾಟರಿ ಬೇಡ, ದುರಸ್ತಿ ಬೇಡ, ತೂಕ ಸುಮಾರು 20 ಗ್ರಾಂ. ಚಂದ್ರನ ಮೇಲೆ ಇಳಿಯುವ ಪ್ರತಿ ನೌಕೆಯೂ ಇದನ್ನೊಂದು ಹೊತ್ತೊಯ್ಯಬೇಕು. ತನ್ನ ಕೆಲಸ ಮುಗಿದ ಮೇಲೂ ಅದು ಮುಂದೆ ಬರುವವರಿಗೆ ಮೈಲಿಗಲ್ಲಾಗಿ ಉಳಿಯುತ್ತದೆ.